ಚಾರ್‌ಧಾಮ್‌ಗೆ ತಂಡದೊಂದಿಗೆ: ಊಟಕ್ಕೆ ಪೂರ್ಣ ಅಂಕ, ವೇಳಾಪಟ್ಟಿಗೆ ಇಲ್ಲ

ಅಡುಗೆಯವರನ್ನು ಜೊತೆಗೇ ಕರೆದೊಯ್ದು ಹಿಮಾಲಯದ ಕಣಿವೆಗಳಲ್ಲಿಯೂ ಅನ್ನ, ಸಾರು, ಪಲ್ಯ ಬಡಿಸುವ ಯಾತ್ರಾ ಸಂಸ್ಥೆಗಳು ಬೆಂಗಳೂರಿನಲ್ಲಿ ಹಲವಾರಿವೆ. ಅಂಥದೊಂದು ಸಂಸ್ಥೆಯವರು ಜೂನ್ ತಿಂಗಳಲ್ಲಿ ನಡೆಸಿದ ಚಾರ್‌ಧಾಮ್ ಯಾತ್ರೆಯಲ್ಲಿ, ಅಂದರೆ ಉತ್ತರಾಖಂಡದ ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿಗಳ ಯಾತ್ರೆಯಲ್ಲಿ, ನಾನು ಮತ್ತು ನನ್ನ ಪತ್ನಿ ಪಾಲ್ಗೊಂಡಿದ್ದೆವು. ಬೆಂಗಳೂರಿನಿಂದ ದೆಹಲಿಯವರೆಗೆ ರೈಲು, ದೆಹಲಿಯಿಂದ ಹರಿದ್ವಾರದವರೆಗೆ ಬಸ್ಸು, ಅಲ್ಲಿಂದ ಮುಂದೆ ಬೆಟ್ಟದ ದಾರಿಗೆ ಟೆಂಪೊ ಟ್ರಾವೆಲರ್, ಹೀಗೆ ವಿಮಾನದ ಗೋಜಿಲ್ಲದೆ ಹೋಗಿ ಬರುವ ಪ್ರವಾಸವಿದು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದೇ ಮಾದರಿಯ ಕರಪತ್ರ, ಅದೇ ದಿನಗಳ ಲೆಕ್ಕ, ಹೆಚ್ಚುಕಡಿಮೆ ಅದೇ ದರ ಇಟ್ಟುಕೊಂಡಿರುವ ಬೇರೆ ಸಂಸ್ಥೆಗಳನ್ನು ಆಯ್ದುಕೊಳ್ಳುವವರಿಗೂ ಈ ಬರಹ ಉಪಯೋಗಕ್ಕೆ ಬರಲಿ ಎಂಬುದು ನನ್ನ ಉದ್ದೇಶ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಯಾತ್ರಿಕರು ಹಣ ಕಟ್ಟುವ ಮುನ್ನ ಯಾವುದನ್ನು ಒತ್ತಿ ಒತ್ತಿ ಕೇಳುತ್ತಾರೋ ಅದನ್ನು ಈ ಸಂಸ್ಥೆ ಬಹಳ ಚೆನ್ನಾಗಿ ಒದಗಿಸುತ್ತದೆ. ಯಾವುದನ್ನು ಕೇಳಬೇಕೆಂದು ಯಾತ್ರಿಕರಿಗೆ ತೋಚುವುದೇ ಇಲ್ಲವೋ ಅಲ್ಲಿ ಕೈ ಬಿಗಿ ಹಿಡಿಯುತ್ತದೆ. ಮೊದಲನೆಯದು ಊಟ, ಎರಡನೆಯದು ಬಿಡುವಿನ ದಿನ.

ದರ ತಲಾ ನಲವತ್ತೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಇದರಲ್ಲಿ ಹವಾನಿಯಂತ್ರಿತ ಮೂರನೇ ದರ್ಜೆಯ ರೈಲು ಪ್ರಯಾಣ, ಇಬ್ಬರಿಗೊಂದು ಕೋಣೆ, ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲ ಊಟೋಪಚಾರ ಹಾಗೂ ಬೆಟ್ಟದ ದಾರಿಯ ವಾಹನ ಸೇರಿದ್ದವು. ಕುದುರೆ, ಡೋಲಿ, ಹೆಲಿಕಾಪ್ಟರ್, ವಿಶೇಷ ಪೂಜೆ, ಪಿತೃಕಾರ್ಯದ ದಕ್ಷಿಣೆ ಇವೆಲ್ಲ ನಮ್ಮ ಜೇಬಿನಿಂದ. ಕರಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇವನ್ನೆಲ್ಲ ನಮೂದಿಸಿರುವುದರಿಂದ ಮೋಸವೆಂದು ಹೇಳಲಾಗದು. ಆದರೆ ಅರವತ್ತು ದಾಟಿದ ಯಾತ್ರಿಕರಲ್ಲಿ ಹೆಚ್ಚಿನವರಿಗೆ ಯಮುನೋತ್ರಿ ಮತ್ತು ಕೇದಾರಗಳೆರಡರಲ್ಲಿಯೂ ಕುದುರೆಯೋ ಡೋಲಿಯೋ ಅನಿವಾರ್ಯವಾಗುವುದರಿಂದ, ನಿಜವಾದ ಖರ್ಚು ಮುದ್ರಿತ ದರಕ್ಕಿಂತ ಬಹಳ ಮೇಲಿರುತ್ತದೆ ಎಂಬುದನ್ನು ಹಣ ಕಟ್ಟಿಸಿಕೊಳ್ಳುವಾಗಲೇ ಬಾಯಿಬಿಟ್ಟು ಹೇಳಬಹುದಿತ್ತು.

ರೈಲು ಪ್ರಯಾಣದ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯವರೆಗೆ ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ. ಗುಂತಕಲ್ಲು, ಸೊಲ್ಲಾಪುರ, ಮನ್ಮಾಡ್, ಭೋಪಾಲ್ ದಾಟುವಷ್ಟರಲ್ಲಿ ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗದ ಶಿಕ್ಷಕ ದಂಪತಿ, ಮೈಸೂರಿನ ಮೂವರು ಅಕ್ಕತಂಗಿಯರು ಎಲ್ಲರೂ ಒಂದೇ ಮನೆಯವರಂತಾಗಿದ್ದರು. ರೈಲಿನಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಚಪಾತಿ, ಹುಣಸೆಹಣ್ಣಿನ ಗೊಜ್ಜು, ಪುಳಿಯೋಗರೆ, ಚಟ್ನಿಪುಡಿ, ಕೋಡುಬಳೆ ಇವನ್ನು ಹೊತ್ತಿಗೆ ಸರಿಯಾಗಿ ಪೊಟ್ಟಣ ಕಟ್ಟಿ ಕೊಟ್ಟರು. ನೆಲದ ಮೇಲಿನ ದೀರ್ಘ ಪ್ರಯಾಣಕ್ಕೆ ಇದೊಂದು ಅನುಕೂಲವಿದೆ: ಬೆಟ್ಟದ ಬುಡ ತಲುಪುವ ಹೊತ್ತಿಗೆ ಯಾರಿಗೆ ಮಂಡಿನೋವು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಎಂಬುದೆಲ್ಲ ತಂಡಕ್ಕೆ ತಿಳಿದುಹೋಗಿರುತ್ತದೆ. ವಿಮಾನದಲ್ಲಿ ಬಂದು ಡೆಹ್ರಾಡೂನಿನಲ್ಲಿ ಕೂಡಿಕೊಳ್ಳುವ ತಂಡಗಳಿಗೆ ಈ ಪರಿಚಯ ಬೆಳೆಯುವ ಹೊತ್ತಿಗೆ ಅರ್ಧ ಯಾತ್ರೆ ಮುಗಿದಿರುತ್ತದೆ.

ಇನ್ನು ಊಟ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಈ ಸಂಸ್ಥೆಯ ನಿಜವಾದ ಶಕ್ತಿ ಇರುವುದು ಇಲ್ಲಿ. ಉಡುಪಿ ಕಡೆಯ ಮುಖ್ಯ ಅಡುಗೆಯವರು ಮತ್ತು ಅವರ ಸಹಾಯಕರು ಪ್ರತ್ಯೇಕ ವಾಹನದಲ್ಲಿ ದಿನಸಿ, ಅನಿಲ ಸಿಲಿಂಡರ್, ಪಾತ್ರೆಗಳನ್ನು ಹೇರಿಕೊಂಡು ನಮಗಿಂತ ಮುಂಚೆಯೇ ಮುಂದಿನ ತಂಗುದಾಣಕ್ಕೆ ಹೊರಟುಬಿಡುತ್ತಿದ್ದರು. ಯಮುನೋತ್ರಿಯ ದಾರಿಯ ಬಡಕೋಟ್‌ನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಕೋಣೆಯಿಂದ ಹೊರಬಂದರೆ, ಹೋಟೆಲಿನ ಹಿಂದಿನ ತಗಡಿನ ಶೆಡ್ಡಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಆಗಲೇ ಬರುತ್ತಿತ್ತು. ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಸಿದ್ಧವಿರುತ್ತಿತ್ತು. ಈರುಳ್ಳಿ, ಬೆಳ್ಳುಳ್ಳಿ ಬಳಸದ ಅಡುಗೆಯೆಂದು ಮೊದಲೇ ಹೇಳಿದ್ದರು, ಕೊನೆಯವರೆಗೂ ಹಾಗೆಯೇ ನಡೆದುಕೊಂಡರು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಅನ್ನದ ಬದಲು ಗೋಧಿನುಚ್ಚಿನ ಬಿಸಿಬೇಳೆಬಾತ್, ಹೊಟ್ಟೆ ಕೆಟ್ಟವರಿಗೆ ಕೇಳುವ ಮುನ್ನವೇ ಮೆಣಸಿನ ಸಾರು ಮತ್ತು ಮೆತ್ತನೆಯ ಅನ್ನ.

ಬದರಿಯಲ್ಲಿ ಅವರ ಕೈಚಳಕ ಇನ್ನಷ್ಟು ಸ್ಪಷ್ಟವಾಯಿತು. 3,000 ಮೀಟರ್ ಮೀರಿದ ಎತ್ತರದಲ್ಲಿ ನೀರು 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಕುದಿಯತೊಡಗುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಅದು ಕಾಳುಕಾಳಾಗಿಯೇ ಉಳಿಯುತ್ತದೆ. ಆದ್ದರಿಂದ ಅಡುಗೆಯವರು ಕೆಳಗಿನ ಊರುಗಳಲ್ಲಿ ಮೂಲೆಗಿಟ್ಟಿದ್ದ ದೊಡ್ಡ ಕುಕ್ಕರ್‌ಗಳನ್ನು ಇಲ್ಲಿ ಹೊರತೆಗೆದರು. ಬೇಳೆಯನ್ನು ದಾರಿಯಲ್ಲಿಯೇ ಬಿಸಿನೀರಿನಲ್ಲಿ ನೆನೆಹಾಕಿ, ಪಾತ್ರೆಗೆ ಕಂಬಳಿ ಸುತ್ತಿ ತಂದಿದ್ದರು. ರಾತ್ರಿ ಹತ್ತು ಗಂಟೆ ಮೀರಿದ ಹೊತ್ತಿನಲ್ಲಿ ಚಳಿಗೆ ಬೆರಳು ಮರಗಟ್ಟಿದ್ದಾಗ ಸಿಕ್ಕಿದ ಆ ತಿಳಿಸಾರನ್ನು ತಂಡದಲ್ಲಿ ಯಾರೂ ಮರೆಯಲಾರರು. ಹೊರಗಡೆ ಹೋಟೆಲುಗಳಲ್ಲಿ ಆಲೂ ಪರಾಠಾ, ರಾಜ್ಮಾ, ಮ್ಯಾಗಿ ಸಿಗುತ್ತವೆ. ಕಿರಿಯರಿಗೆ ಅದೇ ಸಾಕು, ಬಹುಶಃ ಅದೇ ಚಂದ. ಆದರೆ ಎರಡು ವಾರದ ಪ್ರಯಾಣದಲ್ಲಿ ಹಿರಿಯರ ಹೊಟ್ಟೆಯನ್ನು ಕಾಯುವುದೆಂದರೆ ಯಾತ್ರೆಯನ್ನೇ ಕಾದಂತೆ, ಆ ಕೆಲಸವನ್ನು ಇವರು ಕಿಂಚಿತ್ತೂ ಲೋಪವಿಲ್ಲದೆ ಮಾಡಿದರು.

ವಾಹನಗಳೂ ಉತ್ತಮವಾಗಿದ್ದವು. ಹರಿದ್ವಾರದಿಂದ ನಾಲ್ಕೂ ಧಾಮಗಳನ್ನು ಸುತ್ತಿ ಮರಳುವ ಬೆಟ್ಟದ ದಾರಿ 1,200 ಕಿಲೋಮೀಟರಿಗೂ ಹೆಚ್ಚು. ಬಯಲುಸೀಮೆಯ ಹೆದ್ದಾರಿಯಲ್ಲಿ ಎರಡು ದಿನಕ್ಕೆ ಮುಗಿಯಬಹುದಾದ ಈ ದೂರ ಇಲ್ಲಿ ಹತ್ತು ದಿನ ಬೇಡುತ್ತದೆ. ಉತ್ತರಕಾಶಿಯಿಂದ ಗುಪ್ತಕಾಶಿಗೆ ಸುಮಾರು 200 ಕಿಲೋಮೀಟರ್ ಸಾಗಲು ಬೆಳಗಿನಿಂದ ಸಂಜೆಯವರೆಗೆ ಹಿಡಿಯಿತೆಂದರೆ ತಿರುವುಗಳ ಅಂದಾಜು ಸಿಗಬಹುದು. ಸಂಸ್ಥೆಯವರು ಕರ್ನಾಟಕದಿಂದ ಚಾಲಕರನ್ನು ಕರೆತರದೆ ಋಷಿಕೇಶದ ಸ್ಥಳೀಯ ಗಾಡಿಗಳನ್ನೇ ಗೊತ್ತುಮಾಡಿದ್ದು ವಿವೇಕದ ನಿರ್ಧಾರ. ನಮ್ಮ ಗಢವಾಲಿ ಚಾಲಕ ಮಿತಭಾಷಿ. ಎದುರಿನಿಂದ ಬಸ್ಸು ಬಂದರೆ ಯಾವ ತಿರುವಿನಲ್ಲಿ ಯಾರು ಹಿಂದೆ ಸರಿಯಬೇಕೆಂಬುದು ಆತನಿಗೆ ಕಣ್ಣಿನ ಒಂದು ಸನ್ನೆಯಲ್ಲಿ ತೀರ್ಮಾನವಾಗುತ್ತಿತ್ತು. ತಡವಾದಾಗ ಕತ್ತಲಲ್ಲಿಯೂ ಓಡಿಸುವಂತೆ ನಮ್ಮವರೇ ಕೆಲವರು ಒತ್ತಾಯಿಸಿದರು, ಆತ ಒಪ್ಪಲಿಲ್ಲ. ಯಾತ್ರಾ ಮಾರ್ಗದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದು ಸುಮ್ಮನೆ ಅಲ್ಲ.

ಆಸನಗಳ ವಿಷಯದಲ್ಲಿ ಒಂದು ಸಣ್ಣ ಆದರೆ ಮುಖ್ಯವಾದ ಒಳ್ಳೆಯ ಕ್ರಮವಿತ್ತು. ಟೆಂಪೊ ಟ್ರಾವೆಲರ್‌ನ ಕೊನೆಯ ಸಾಲಿನಲ್ಲಿ ಕುಳಿತವರಿಗೆ ಘಾಟಿಯಲ್ಲಿ ವಾಂತಿ ಖಚಿತ. ಹಾಗಾಗಿ ದಿನಕ್ಕೆರಡು ಸಾಲು ಮುಂದೆ ಸರಿಯುವ ಪದ್ಧತಿಯನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಕಿಟಕಿಗೆ ಅಂಟಿಸಿದ್ದರು. ಇದರಿಂದ ತಪ್ಪಿದ ಜಗಳಗಳಿಗೆ ಲೆಕ್ಕವಿಲ್ಲ. ಮೊಬೈಲಿನಲ್ಲಿ ಜೋರಾಗಿ ಭಜನೆ ಹಾಕುವವರಿಗೂ ಇಂಥದೊಂದು ಕಾಗದ ಅಂಟಿಸಿದ್ದರೆ ಇನ್ನೂ ಚೆನ್ನಾಗಿತ್ತು.

ನೋಂದಣಿಯ ಕೆಲಸವನ್ನು ಸಂಸ್ಥೆಯವರೇ ಪೂರ್ತಿಯಾಗಿ ನೋಡಿಕೊಂಡರು. ಚಾರ್‌ಧಾಮ್ ಯಾತ್ರೆಗೆ ಉತ್ತರಾಖಂಡ ಸರ್ಕಾರದಲ್ಲಿ ಮುಂಗಡ ನೋಂದಣಿ ಕಡ್ಡಾಯ, ಪ್ರತಿ ಧಾಮಕ್ಕೂ ದಿನಾಂಕವನ್ನು ನಮೂದಿಸಬೇಕು. 2024ರಲ್ಲಿ ಬಾಗಿಲು ತೆರೆದ ಮೊದಲ ವಾರಗಳ ವಿಪರೀತ ಜನಸಂದಣಿಯಲ್ಲಿ ನೋಂದಣಿಯಿಲ್ಲದೆ ಬಂದ ವಾಹನಗಳನ್ನು ದಾರಿಯಿಂದಲೇ ಹಿಂದಕ್ಕೆ ಕಳುಹಿಸಿದ್ದರು. ನಮ್ಮ ಟೂರ್ ಮ್ಯಾನೇಜರ್ ಪ್ರತಿಯೊಬ್ಬರ ಕ್ಯೂಆರ್ ಕೋಡ್ ಇರುವ ಹಾಳೆಯನ್ನು ಮುದ್ರಿಸಿ, ಆಧಾರ್ ಪ್ರತಿಯೊಂದಿಗೆ ಆಸನಗಳ ಕ್ರಮದಲ್ಲಿ ಜೋಡಿಸಿ, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟುಕೊಂಡಿದ್ದರು. ತಪಾಸಣೆಯ ಜಾಗಗಳಲ್ಲಿ ನಮ್ಮ ಗಾಡಿ ಐದು ನಿಮಿಷಕ್ಕಿಂತ ಹೆಚ್ಚು ನಿಂತ ನೆನಪಿಲ್ಲ. ಆದರೆ ಆ ಹಾಳೆಗಳ ಮೇಲಿನ ದಿನಾಂಕಗಳನ್ನು ಓದಿದಾಗಲೇ ನನಗೆ ಮೊದಲ ಅನುಮಾನ ಮೂಡಿದ್ದು: ಒಂದು ಧಾಮಕ್ಕೂ ಇನ್ನೊಂದಕ್ಕೂ ನಡುವೆ ಪ್ರಯಾಣಕ್ಕೆ ಬೇಕಾದ ದಿನವನ್ನು ಬಿಟ್ಟರೆ ಒಂದೇ ಒಂದು ದಿನದ ಸಡಿಲವೂ ಇರಲಿಲ್ಲ.

ಯಮುನೋತ್ರಿ ಮತ್ತು ಗಂಗೋತ್ರಿಗಳಲ್ಲಿ ಈ ಕೊರತೆ ಎದ್ದು ಕಾಣಲಿಲ್ಲ. ಜಾನಕಿಚಟ್ಟಿಯಿಂದ ಯಮುನೋತ್ರಿಗೆ ಐದಾರು ಕಿಲೋಮೀಟರ್ ಏರು, ಇಕ್ಕಟ್ಟಾದ ದಾರಿ. ಕುದುರೆ, ಡೋಲಿ, ನಡೆಯುವವರು ಎಲ್ಲ ಒಂದೇ ಹಾದಿಯಲ್ಲಿ. ಮೇಲೆ ಸೂರ್ಯಕುಂಡದ ಕುದಿನೀರಿನಲ್ಲಿ ಬಟ್ಟೆಯ ಗಂಟಿನೊಳಗೆ ಅಕ್ಕಿ ಬೇಯಿಸಿ ಪ್ರಸಾದವಾಗಿ ಕೊಡುತ್ತಾರೆ. ಗಂಗೋತ್ರಿಯಲ್ಲಿ ವಾಹನ ದೇವಸ್ಥಾನದ ಸಮೀಪಕ್ಕೇ ಹೋಗುವುದರಿಂದ ಕಷ್ಟವಿಲ್ಲ. ದಾರಿಯಲ್ಲಿ ಹರ್ಸಿಲ್ ಬಳಿ ದೇವದಾರು ಮರಗಳ ನಡುವೆ ಭಾಗೀರಥಿ ಅಗಲವಾಗಿ ಹರಡಿಕೊಳ್ಳುವ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ ಎಂದು ಎಲ್ಲರೂ ಕೇಳಿಕೊಂಡೆವು. ಸಮಯವಿಲ್ಲ ಎಂಬ ಉತ್ತರ ಬಂತು. ಆಮೇಲಿನ ದಿನಗಳಲ್ಲಿ ಇದೇ ಉತ್ತರ ಪಲ್ಲವಿಯಾಯಿತು.

ಕೇದಾರದಲ್ಲಿ ಬಿಗಿ ವೇಳಾಪಟ್ಟಿಯ ಬೆಲೆಯನ್ನು ಎಲ್ಲರೂ ತೆರಬೇಕಾಯಿತು. ಕರಪತ್ರದಲ್ಲಿ ‘ಕೇದಾರದಲ್ಲಿ ರಾತ್ರಿ ವಾಸ್ತವ್ಯ’ ಎಂದಿತ್ತು. ಅದರ ಮುಂದೆಯೇ ಕಂಸದಲ್ಲಿ ‘ಲಭ್ಯತೆಗೆ ಒಳಪಟ್ಟು’ ಎಂದೂ ಇತ್ತು. ಗುಪ್ತಕಾಶಿಯಲ್ಲಿ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ, ಮೇಲೆ ಕೋಣೆ ಸಿಕ್ಕಿಲ್ಲ, ಎಲ್ಲರೂ ಅದೇ ದಿನ ದರ್ಶನ ಮುಗಿಸಿ ಇಳಿದು ಬರಬೇಕು ಎಂದು ಘೋಷಿಸಿದರು. ಇದರ ಅರ್ಥವೇನೆಂಬುದು ದಾರಿ ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಗುಪ್ತಕಾಶಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ. ಅಲ್ಲಿಂದ 30 ಕಿಲೋಮೀಟರ್ ದೂರದ ಸೋನ್‌ಪ್ರಯಾಗದಲ್ಲಿ ನಮ್ಮ ವಾಹನವನ್ನು ಬಿಟ್ಟು, ಸರದಿಯಲ್ಲಿ ನಿಂತು, ಸ್ಥಳೀಯ ಜೀಪು ಹಿಡಿದು ಗೌರಿಕುಂಡಕ್ಕೆ ಹೋಗಬೇಕು. ಗೌರಿಕುಂಡದಿಂದ ಕೇದಾರಕ್ಕೆ 16 ಕಿಲೋಮೀಟರ್ ಏರು. 2013ರ ಜೂನ್ ಪ್ರವಾಹದಲ್ಲಿ ದಾರಿಯ ತಂಗುದಾಣವಾಗಿದ್ದ ರಾಮಬಾಡಾ ಕೊಚ್ಚಿಹೋದ ಮೇಲೆ ದಾರಿಯನ್ನು ನದಿಯ ಆಚೆ ದಡಕ್ಕೆ ತಿರುಗಿಸಿ, ಲಿಂಚೋಲಿಯ ಮೂಲಕ ಹೊಸದಾಗಿ ಕಡಿದಿದ್ದಾರೆ; ಕೊನೆಯ ಭಾಗದ ಏರು ಎದೆಗೆ ಬರುವಂಥದು. ದೇವಸ್ಥಾನ 3,583 ಮೀಟರ್ ಎತ್ತರದಲ್ಲಿದೆ. ಇದನ್ನು ಹತ್ತಿ, ಸರದಿಯಲ್ಲಿ ನಿಂತು ದರ್ಶನ ಮಾಡಿ, ಅದೇ ದಿನ ಇಳಿದು ಗುಪ್ತಕಾಶಿಗೆ ಮರಳುವುದೆಂದರೆ ಇಪ್ಪತ್ತು ವರ್ಷದ ಹುಡುಗರಿಗೆ ಸಾಹಸ, ಎಪ್ಪತ್ತರವರಿಗೆ ಶಿಕ್ಷೆ.

ಬೆಳಗಿನ ಜಾವ ಎರಡಕ್ಕೆ ಎಬ್ಬಿಸಿದರು. ಜೀಪಿನ ಸರದಿ ಮುಗಿದು ಗೌರಿಕುಂಡದಲ್ಲಿ ಕುದುರೆ ಸಿಗುವ ಹೊತ್ತಿಗೆ ಬಿಸಿಲು ಹರಡಿತ್ತು. ಕುದುರೆಯ ಮೇಲೆ ಕುಳಿತವರು ಮಧ್ಯಾಹ್ನ ದಾಟಿ ಮೇಲೆ ತಲುಪಿದೆವು. ನಡೆದೇ ಹೋಗುತ್ತೇವೆಂದು ಸಂಕಲ್ಪ ಮಾಡಿದ್ದ ಶಿವಮೊಗ್ಗದ ದಂಪತಿ ಲಿಂಚೋಲಿಯಲ್ಲಿ ಗಡಿಯಾರ ನೋಡಿ, ಮೇಲೆ ಹೋದರೆ ಇಳಿಯಲು ಹೊತ್ತು ಸಾಲದೆಂದು ಲೆಕ್ಕ ಹಾಕಿ, ಶಿಖರದ ದಿಕ್ಕಿಗೆ ಕೈಮುಗಿದು ಹಿಂದಿರುಗಿದರು. ಅವರಿಗೆ ಶಕ್ತಿ ಸಾಲದಿರಲಿಲ್ಲ. ಒಂದು ರಾತ್ರಿ ಮೇಲೆ ಉಳಿಯುವ ಅವಕಾಶವಿದ್ದಿದ್ದರೆ ಅವರು ನಿಧಾನವಾಗಿ ಹತ್ತಿಯೇ ಹತ್ತುತ್ತಿದ್ದರು. ಇಳಿಯುವಾಗ ಮಳೆ ಹಿಡಿಯಿತು. ಕಲ್ಲಿನ ಮೆಟ್ಟಿಲುಗಳ ಮೇಲೆ ಕುದುರೆ ಲದ್ದಿ, ಕೆಸರು, ನೀರು ಒಂದಾಗಿ, ಕೋಲು ಊರಿದ ಕಡೆಯೆಲ್ಲ ಜಾರಿಕೆ. ಗುಪ್ತಕಾಶಿ ಮುಟ್ಟಿದ್ದು ನಡುರಾತ್ರಿಯ ಹೊತ್ತಿಗೆ. ಮರುದಿನ ಬೆಳಿಗ್ಗೆ ಆರಕ್ಕೆ ಬದರಿಗೆ ಹೊರಡಬೇಕಿತ್ತು.

ಸಂಸ್ಥೆಯ ಪರವಾಗಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 1,300 ಮೀಟರ್ ಎತ್ತರದಿಂದ ಹೊರಟು ಅದೇ ರಾತ್ರಿ 3,583 ಮೀಟರ್ ಎತ್ತರದಲ್ಲಿ ಮಲಗುವುದು ವೈದ್ಯರ ದೃಷ್ಟಿಯಲ್ಲಿ ಒಳ್ಳೆಯದಲ್ಲ. ಎತ್ತರದ ಕಾಯಿಲೆ ಹೆಚ್ಚಾಗಿ ಕಾಡುವುದು ಹಾಗೆ ಮಲಗಿದ ರಾತ್ರಿಯೇ. ಮ್ಯಾನೇಜರ್ ಕೂಡ ಇದನ್ನೇ ಹೇಳಿದರು. ಆದರೆ ಈ ವಾದವನ್ನು ಒಪ್ಪುವುದಾದರೆ ಪರಿಹಾರವೂ ಅದರಲ್ಲಿಯೇ ಇದೆ: ಹಿಂದಿನ ರಾತ್ರಿ ಗುಪ್ತಕಾಶಿಯ ಬದಲು ಸೋನ್‌ಪ್ರಯಾಗದ ಪಕ್ಕದ ಸೀತಾಪುರದಲ್ಲೋ ಗೌರಿಕುಂಡದಲ್ಲೋ ತಂಗಿಸಿ, ಇಳಿದು ಬಂದ ಮರುದಿನವನ್ನು ಪೂರ್ತಿ ವಿಶ್ರಾಂತಿಗೆ ಬಿಡಬೇಕು. ಸೀತಾಪುರದಲ್ಲಿ ತಂಗಿದ್ದ ಪುಣೆಯ ತಂಡವೊಂದು ನಮಗಿಂತ ಎಷ್ಟೋ ಮುಂಚೆ ದರ್ಶನ ಮುಗಿಸಿ ಇಳಿಯುತ್ತಿದ್ದುದನ್ನು ದಾರಿಯಲ್ಲಿ ಕಂಡೆವು. ಗುಪ್ತಕಾಶಿಯಲ್ಲಿ ಕೋಣೆ ಅಗ್ಗ, ಅಡುಗೆಗೆ ಜಾಗ ವಿಶಾಲ. ನಮ್ಮ ಬೆಳಗಿನ ಎರಡು ಗಂಟೆಯ ಎಚ್ಚರಕ್ಕೆ ಕಾರಣ ಅಷ್ಟೇ.

ಕೇದಾರದ ಸಂದರ್ಭದಲ್ಲಿಯೇ ಇನ್ನೊಂದು ಕೊರತೆಯನ್ನು ಹೇಳುತ್ತೇನೆ. ಕನ್ನಡ ಯಾತ್ರಿಕರನ್ನೇ ಕರೆದೊಯ್ಯುವ ಸಂಸ್ಥೆಗೆ ಹೇಳಲು ಎಷ್ಟೊಂದು ವಿಷಯಗಳಿದ್ದವು! ಕೇದಾರದ ಧಾರ್ಮಿಕ ಮುಖ್ಯಸ್ಥರಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಮೇಲೆ ಪೂಜೆ ನಡೆಯುವುದು ಗುಪ್ತಕಾಶಿಯ ಎದುರಿನ ಊಖೀಮಠದ ಓಂಕಾರೇಶ್ವರ ದೇವಸ್ಥಾನದಲ್ಲಿ. ಕೇದಾರ ದೇವಸ್ಥಾನದ ಹಿಂದೆ, ಪ್ರವಾಹದಲ್ಲಿ ಉರುಳಿಬಂದು ನಿಂತ ಭೀಮಶಿಲೆಯಿಂದ ಸ್ವಲ್ಪ ದೂರದಲ್ಲಿ, 2021ರ ನವೆಂಬರ್ 5ರಂದು ಅನಾವರಣಗೊಂಡ ಶಂಕರಾಚಾರ್ಯರ 12 ಅಡಿಯ ಕಪ್ಪು ಶಿಲೆಯ ಪ್ರತಿಮೆಯಿದೆ. ಅದನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಮೈಸೂರಿನ ಆ ಮೂವರು ಅಕ್ಕತಂಗಿಯರು ಅಷ್ಟು ದೂರ ಹೋಗಿಯೂ ಆ ಪ್ರತಿಮೆಯನ್ನು ನೋಡದೆ ಬಂದರು, ಏಕೆಂದರೆ ಅಂಥದೊಂದು ಇದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಪಂಚಪ್ರಯಾಗಗಳ ಬಗ್ಗೆಯೂ ಹೀಗೆಯೇ: ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಒಂದೊಂದಾಗಿ ಕಿಟಕಿಯಾಚೆ ಹಾದುಹೋದವು, ಯಾವ ನದಿ ಯಾವುದನ್ನು ಕೂಡುತ್ತಿದೆ ಎಂದು ಹೇಳುವವರಿರಲಿಲ್ಲ. ಊಟದ ಪಟ್ಟಿಗೆ ಕೊಟ್ಟ ಗಮನದ ಹತ್ತನೇ ಒಂದು ಭಾಗವನ್ನು ಇದಕ್ಕೆ ಕೊಟ್ಟು, ನಾಲ್ಕು ಪುಟದ ಕಿರುಪುಸ್ತಿಕೆಯೊಂದನ್ನು ಮುದ್ರಿಸಿ ರೈಲಿನಲ್ಲಿಯೇ ಹಂಚಿದ್ದರೆ ಸಾಕಿತ್ತು.

ಬದರಿಯ ದಾರಿಯಲ್ಲಿ, ಆಗಬಹುದೆಂದು ಯಾರೂ ಊಹಿಸಬಹುದಾಗಿದ್ದ ಸಂಗತಿಯೇ ಆಯಿತು. ಪೀಪಲ್‌ಕೋಟಿಯಿಂದ ಜೋಶಿಮಠದ ಕಡೆಗೆ ಹೋಗುವಾಗ ಸಿಗುವ ಪಾಗಲ್ ನಾಲಾ ಎಂಬಲ್ಲಿ, ಮಳೆಗೆ ಗುಡ್ಡದಿಂದ ಕೆಸರು ಮತ್ತು ಕಲ್ಲು ಇಳಿದು ರಸ್ತೆ ಮುಚ್ಚಿತ್ತು. ಆ ಜಾಗ ಇದಕ್ಕೆಂದೇ ಹೆಸರಾದದ್ದು, ಚಾಲಕರೆಲ್ಲರಿಗೂ ಗೊತ್ತಿರುವಂಥದು. ವಾಹನಗಳ ಸಾಲು ಕಿಲೋಮೀಟರುಗಟ್ಟಲೆ ಬೆಳೆಯಿತು. ಟೂರ್ ಮ್ಯಾನೇಜರ್ ಈ ಹೊತ್ತಿನಲ್ಲಿ ತೋರಿದ ಚುರುಕನ್ನು ಮೆಚ್ಚಲೇಬೇಕು: ರಸ್ತೆ ಇಂದು ತೆರೆಯುವುದಿಲ್ಲವೆಂದು ಚಾಲಕ ಹೇಳಿದ ಕೂಡಲೇ, ಉಳಿದ ತಂಡಗಳು ಕಾದು ಕುಳಿತಿರುವಾಗಲೇ, ಗಾಡಿ ಹಿಂದಕ್ಕೆ ತಿರುಗಿಸಿ ಪೀಪಲ್‌ಕೋಟಿಯ ವಸತಿಗೃಹವೊಂದರಲ್ಲಿ ಸಿಕ್ಕಷ್ಟು ಕೋಣೆ ಹಿಡಿದರು. ಹೆಂಗಸರಿಗೆ ಮಂಚ, ಗಂಡಸರಿಗೆ ನೆಲದ ಮೇಲೆ ಹಾಸಿಗೆ. ಅಡುಗೆಯ ವಾಹನ ಸುದೈವದಿಂದ ನಮ್ಮ ಈಚೆಗೇ ಉಳಿದಿತ್ತು. ಒಂದೂವರೆ ಗಂಟೆಯಲ್ಲಿ ಬಿಸಿ ಖಿಚಡಿ ಬಂತು.

ಆದರೆ ಮುಂದಿನದೆಲ್ಲ ಕುಸಿಯತೊಡಗಿತು. ರಸ್ತೆ ತೆರೆದದ್ದು ಮರುದಿನ ಮಧ್ಯಾಹ್ನ. ನೋಂದಣಿಯ ಹಾಳೆಯ ಮೇಲಿನ ದಿನಾಂಕ ಕಳೆದುಹೋಗಿದ್ದುದರಿಂದ ತಪಾಸಣೆಯಲ್ಲಿ ವಿವರಣೆ ಕೊಡಬೇಕಾಯಿತು. ರಸ್ತೆ ಮುಚ್ಚಿದ ಸಂಗತಿ ಅವರಿಗೂ ಗೊತ್ತಿದ್ದುದರಿಂದ ಬಿಟ್ಟರು. ಬದರಿ ಸೇರಿದ್ದು ಕತ್ತಲಾದ ಮೇಲೆ. ರಾತ್ರಿಯೇ ದರ್ಶನ, ಬೆಳಗಿನ ಜಾವ ತಪ್ತಕುಂಡದಲ್ಲಿ ಸ್ನಾನ, ಬ್ರಹ್ಮಕಪಾಲದಲ್ಲಿ ಪಿತೃಕಾರ್ಯ, ಒಂಬತ್ತಕ್ಕೆ ಹೊರಡು. ಬ್ರಹ್ಮಕಪಾಲದ ವ್ಯವಸ್ಥೆಯನ್ನು ಮೊದಲೇ ಪುರೋಹಿತರೊಂದಿಗೆ ಮಾತಾಡಿ ನಿಗದಿಪಡಿಸಿದ್ದರಿಂದ ಅಷ್ಟು ಅವಸರದಲ್ಲಿಯೂ ಆ ಕಾರ್ಯ ಶ್ರದ್ಧೆಯಿಂದ, ದಕ್ಷಿಣೆಯ ಚೌಕಾಸಿಯಿಲ್ಲದೆ ನಡೆಯಿತು. ಹಲವರು ಈ ಯಾತ್ರೆಗೆ ಬಂದದ್ದೇ ಇದಕ್ಕಾಗಿ. ಆದರೆ ಮೂರ್ನಾಲ್ಕು ಕಿಲೋಮೀಟರ್ ದೂರದ ಮಾಣಾ ಗ್ರಾಮ, ಅಲ್ಲಿನ ವ್ಯಾಸಗುಹೆ, ಭೀಮಪುಲ್ ಎಲ್ಲವನ್ನೂ ಬಿಟ್ಟೆವು. ದೆಹಲಿಯಿಂದ ಹಿಂದಿರುಗುವ ರೈಲಿನ ಟಿಕೆಟ್ ನಿಗದಿತ ದಿನಾಂಕದ್ದಾದ್ದರಿಂದ ಋಷಿಕೇಶವೂ ಹೋಯಿತು, ಹರಿದ್ವಾರದ ಗಂಗಾರತಿಯೂ ಹೋಯಿತು. ಕಳೆದದ್ದು ಒಂದೇ ದಿನ. ಅದು ನುಂಗಿದ್ದು ಮಾತ್ರ ಉಳಿದ ಯಾತ್ರೆಯ ಅರ್ಧವನ್ನು.

ಪ್ರಕೃತಿಯ ಕೈವಾಡಕ್ಕೆ ಸಂಸ್ಥೆಯನ್ನು ದೂರುವುದೇಕೆ ಎಂದು ತಂಡದಲ್ಲಿಯೇ ಕೆಲವರು ವಾದಿಸಿದರು. ಗುಡ್ಡ ಕುಸಿದದ್ದಕ್ಕೆ ನಾನೂ ದೂರುವುದಿಲ್ಲ. ಆದರೆ ಈ ದಾರಿಯಲ್ಲಿ ಮಳೆ ಬಂದರೆ ಎಲ್ಲಿಯಾದರೂ ಒಂದು ಕಡೆ ರಸ್ತೆ ಮುಚ್ಚುತ್ತದೆ ಎಂಬುದು ಪ್ರತಿ ವರ್ಷ ಇಲ್ಲಿಗೆ ತಂಡ ಕರೆತರುವವರಿಗೆ ತಿಳಿಯದ ಸಂಗತಿಯಲ್ಲ. ಹಾಗಿದ್ದೂ ಒಂದು ದಿನವನ್ನೂ ಖಾಲಿ ಬಿಡದೆ ವೇಳಾಪಟ್ಟಿ ಹೆಣೆದದ್ದು ಸಂಸ್ಥೆಯ ಆಯ್ಕೆ. ಹಿಂದಿರುಗಿದ ಮೇಲೆ ಕಚೇರಿಗೆ ಹೋಗಿ ಈ ಮಾತನ್ನು ಎತ್ತಿದೆ. ಮಾಲೀಕರು ಸೌಜನ್ಯದಿಂದಲೇ ಕೇಳಿಸಿಕೊಂಡರು, ಉತ್ತರವೂ ಪ್ರಾಮಾಣಿಕವಾಗಿತ್ತು: ಎರಡು ದಿನ ಸೇರಿಸಿದರೆ ದರ ಏರುತ್ತದೆ, ಪಕ್ಕದ ರಸ್ತೆಯ ಸಂಸ್ಥೆಯ ಕರಪತ್ರ ಅಗ್ಗವಾಗಿ ಕಾಣುತ್ತದೆ, ಏನೂ ಮಾಡದ ದಿನಕ್ಕೆ ಹಣ ಕೊಡಲು ಗಿರಾಕಿಗಳು ಒಪ್ಪುವುದಿಲ್ಲ. ನನ್ನ ಅಂದಾಜಿನಲ್ಲಿ ಗುಪ್ತಕಾಶಿಯ ಬಳಿ ಒಂದು, ಬದರಿಯ ನಂತರ ಒಂದು, ಹೀಗೆ ಎರಡು ದಿನದ ಕೋಣೆ, ಊಟ ಮತ್ತು ವಾಹನದ ಖರ್ಚು ತಲಾ ನಾಲ್ಕೈದು ಸಾವಿರ ದಾಟಲಾರದು. ರಸ್ತೆ ಮುಚ್ಚದಿದ್ದರೆ ಆ ದಿನಗಳಲ್ಲಿ ಊಖೀಮಠ ನೋಡಬಹುದು, ಋಷಿಕೇಶದಲ್ಲಿ ನಿಲ್ಲಬಹುದು, ಇಲ್ಲವೇ ಬಟ್ಟೆ ಒಗೆದುಕೊಂಡು ನಿದ್ದೆ ಮಾಡಬಹುದು. ಹಿರಿಯರಿಗೆ ಈ ಕೊನೆಯದೂ ಸಣ್ಣ ಸೌಲಭ್ಯವಲ್ಲ.

ವಸತಿಗಳು ಸಾಧಾರಣ. ಉತ್ತರಕಾಶಿಯಲ್ಲಿ ಚೆನ್ನಾಗಿದ್ದವು, ಗುಪ್ತಕಾಶಿಯಲ್ಲಿ ಬಿಸಿನೀರಿಗೆ ಬಕೆಟ್ ಹಿಡಿದು ಕಾಯಬೇಕಿತ್ತು, ಬದರಿಯಲ್ಲಿ ಇದ್ದದ್ದೇ ಕೆಲವು ಗಂಟೆ. ಯಾತ್ರೆಯ ಹಂಗಾಮಿನಲ್ಲಿ ಇದಕ್ಕಿಂತ ಹೆಚ್ಚನ್ನು ಈ ದರದಲ್ಲಿ ನಿರೀಕ್ಷಿಸಬಾರದು. ಆರೋಗ್ಯದ ವಿಷಯದಲ್ಲಿ ಮ್ಯಾನೇಜರ್ ಬಳಿ ರಕ್ತದೊತ್ತಡದ ಯಂತ್ರ, ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಸಾಮಾನ್ಯ ಔಷಧಗಳು ಇದ್ದವು. ಕೇದಾರಕ್ಕೆ ಹೊರಡುವ ಮುನ್ನ ಎಲ್ಲರ ಬೆರಳಿಗೂ ಹಾಕಿ ನೋಡಿದರು. ಒಬ್ಬರ ಅಂಕಿ ಕಡಿಮೆ ಬಂದಾಗ, ಅವರ ಮಗನಿಗೆ ಬೆಂಗಳೂರಿಗೆ ಫೋನು ಮಾಡಿ ಮಾತಾಡಿ, ಮೇಲೆ ಬರುವುದು ಬೇಡವೆಂದು ಒಪ್ಪಿಸಿದರು. ಅವರು ಬೇಸರಪಟ್ಟುಕೊಂಡರಾದರೂ ಮ್ಯಾನೇಜರ್ ಮಾಡಿದ್ದು ಸರಿ.

ಕರ್ನಾಟಕ ಸರ್ಕಾರದ ಮುಜರಾಯಿ ಇಲಾಖೆ ಚಾರ್‌ಧಾಮ್ ಯಾತ್ರಿಗಳಿಗೆ ನೀಡುವ 20,000 ರೂಪಾಯಿ ಸಹಾಯಧನಕ್ಕೆ ಅರ್ಜಿ ಹಾಕಲು ಬೇಕಾಗುವ ರಸೀದಿ ಮತ್ತು ಯಾತ್ರೆಯ ದಾಖಲೆಗಳನ್ನು ಸಂಸ್ಥೆಯವರು ಕೇಳದೆಯೇ ಜೋಡಿಸಿ ಕೊಟ್ಟರು. ಈ ಯಾತ್ರೆಗೆ ತಂಡದೊಂದಿಗೆ ಹೊರಡುವವರು, ಯಾವ ಸಂಸ್ಥೆಯನ್ನೇ ಆಯ್ದುಕೊಳ್ಳಲಿ, ಹಣ ಕಟ್ಟುವ ಮುನ್ನ ಕೇದಾರದ ಹಿಂದಿನ ರಾತ್ರಿ ಎಲ್ಲಿ ತಂಗುತ್ತೀರಿ, ರಸ್ತೆ ಮುಚ್ಚಿದರೆ ಯಾವ ದಿನವನ್ನು ಕೈಬಿಡುತ್ತೀರಿ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಊಟದ ಬಗ್ಗೆ ಕೇಳುವ ಅಗತ್ಯವಿಲ್ಲ, ಅದನ್ನು ಅವರೇ ಹೇಳುತ್ತಾರೆ. ಇದೇ ಸಂಸ್ಥೆ ಚಳಿಗಾಲದಲ್ಲಿ ದ್ವಾರಕೆ, ಸೋಮನಾಥದ ಕಡೆ ಹೊರಡಿಸುವ ತಂಡದಲ್ಲಿ ನಾವಿಬ್ಬರೂ ಆಗಲೇ ಹೆಸರು ಬರೆಸಿದ್ದೇವೆ. ಬೆಟ್ಟದ ದಾರಿಗೆ ಮಾತ್ರ, ಆ ಎರಡು ದಿನ ಕರಪತ್ರದಲ್ಲಿ ಮುದ್ರಿತವಾಗುವವರೆಗೆ, ಇವರೊಂದಿಗೆ ಇನ್ನೊಮ್ಮೆ ಹೊರಡುವ ಯೋಚನೆಯಿಲ್ಲ.